ಮಾಗಿಗೆ ಕೂಡಿಟ್ಟ ಕೋಸು

ಮಾಗಿ ಎಂದರೆ ನಮ್ಮ ನಾಡಿನವರಿಗೆ ಅವರೆಕಾಯಿಯ ಸೊಗಡು, ಬೆಳಗಿನ ಮಂಜು, ಹೊದ್ದು ಕುಳಿತ ಕಂಬಳಿ. ಆ ಕಾಲದಲ್ಲಿ ಸಂತೆಯ ತುಂಬ ಸೊಪ್ಪು ತರಕಾರಿಗಳು ಹುಲುಸಾಗಿರುತ್ತವೆ. ಭೂಮಿ ಕಲ್ಲಿನಂತೆ ಹೆಪ್ಪುಗಟ್ಟಿ, ನಾಲ್ಕೈದು ತಿಂಗಳು ಒಂದು ಹಸಿರೆಲೆಯೂ ಚಿಗುರದಂತಹ ಮಾಗಿಯನ್ನು ಊಹಿಸಿಕೊಳ್ಳುವುದೇ ನಮಗೆ ಕಷ್ಟ. ಉತ್ತರ ಯುರೋಪು, ರಷ್ಯ, ಅಮೆರಿಕದ ಈಶಾನ್ಯ ಭಾಗಗಳ ರೈತರಿಗಾದರೋ ಅದು ವರ್ಷವರ್ಷವೂ ಎದುರಿಸಬೇಕಾದ ಸಂಕಟವಾಗಿತ್ತು. ಆ ಸಂಕಟದಿಂದ ಶತಮಾನಗಳ ಕಾಲ ಅವರನ್ನು ಪಾರುಮಾಡಿದ ಕೆಲವೇ ಬೆಳೆಗಳಲ್ಲಿ, ತಡವಾಗಿ ಬೆಳೆದು ನೆಲಮಾಳಿಗೆಯಲ್ಲಿ ಕೂಡಿಟ್ಟ ಎಲೆಕೋಸು ಒಂದು.

ಕೋಸಿನ ಗಡ್ಡೆ ಎಂದು ನಾವು ಕರೆಯುವುದು ವಾಸ್ತವವಾಗಿ ಗಡ್ಡೆಯಲ್ಲ; ಅದು ಅರಳದೆ ಉಳಿದ ಒಂದು ಮಹಾ ಮೊಗ್ಗು. ಎಲೆಕೋಸು ಎರಡು ವರ್ಷದ ಗಿಡ. ಮೊದಲ ವರ್ಷ ಅದು ಎಲೆಯ ಮೇಲೆ ಎಲೆಯನ್ನು ಸುತ್ತಿಕೊಂಡು ತನ್ನ ಆಹಾರವನ್ನೆಲ್ಲ ಒಳಗೆ ಶೇಖರಿಸುತ್ತದೆ. ನಡುವೆ ಒಂದು ಚಳಿಗಾಲವನ್ನು ಕಳೆಯುತ್ತದೆ. ಆಮೇಲೆ ಮೊಗ್ಗು ಸೀಳಿಕೊಂಡು ಹೂವಿನ ದಂಟು ಮೇಲೆದ್ದು, ಹಳದಿ ಹೂ ಬಿಟ್ಟು ಬೀಜವಾಗುತ್ತದೆ. ಚಳಿಯನ್ನು ಕಾಣದ ಕೋಸಿಗೆ ಹೂವಿಲ್ಲ. ನಮ್ಮ ಬಯಲುಸೀಮೆಯ ತೋಟದಲ್ಲಿ ಕೋಸು ಚೆನ್ನಾಗಿ ಬಲಿತರೂ ಬೀಜ ಕಟ್ಟದಿರುವುದಕ್ಕೂ, ಅದರ ಬೀಜೋತ್ಪಾದನೆಗೆ ಹಿಮಾಚಲದ ಕುಲ್ಲು ಕಣಿವೆಯ ಕಟ್ರಾಯಿನ್‌ನಂತಹ ತಂಪು ನೆಲೆಗಳನ್ನು ಆರಿಸಿಕೊಂಡುದಕ್ಕೂ ಇದೇ ಕಾರಣ. ಗಿಡ ತನ್ನ ಮುಂದಿನ ಪೀಳಿಗೆಗಾಗಿ ಕಟ್ಟಿಕೊಂಡ ಬುತ್ತಿಯನ್ನು ಮನುಷ್ಯ ತನ್ನ ಚಳಿಗಾಲಕ್ಕೆ ಎರವಲು ಪಡೆಯುತ್ತಾನೆ.

ಕೋಸಿನಲ್ಲಿ ಬೇಗನೆ ಬರುವ ತಳಿಗಳಿವೆ, ತಡವಾಗಿ ಬರುವ ತಳಿಗಳಿವೆ. ಬೇಗ ಬರುವುದು ಮೃದು, ರುಚಿಕರ. ಆದರೆ ಬಾಳಿಕೆ ಇಲ್ಲ. ಕೂಡಿಡಲು ಯೋಗ್ಯವಾದುದು ನಾಟಿಯಾದ ಮೇಲೆ ನೂರರಿಂದ ನೂರಿಪ್ಪತ್ತು ದಿನ ತೆಗೆದುಕೊಂಡು, ಒತ್ತಾಗಿ, ಗಟ್ಟಿಯಾಗಿ ಬಲಿಯುವ ತಡದ ಕೋಸೇ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಮಗ್ಗುಲಲ್ಲಿ ಅಮಾಗೆರ್ ಎಂಬ ದ್ವೀಪವಿದೆ. 16ನೆಯ ಶತಮಾನದ ಮೊದಲ ಭಾಗದಲ್ಲಿ ದೊರೆ ಎರಡನೆಯ ಕ್ರಿಶ್ಚಿಯನ್ ತರಕಾರಿ ಬೆಳೆಯುವುದಕ್ಕೆಂದೇ ಹಾಲೆಂಡಿನ ಒಕ್ಕಲುಗಳನ್ನು ಕರೆಸಿ ಅಲ್ಲಿ ನೆಲೆಗೊಳಿಸಿದ. ಆ ದ್ವೀಪದ ಹೆಸರನ್ನು ಹೊತ್ತ ಗಟ್ಟಿಕೋಸು ಮುಂದೆ ಸಾಗರ ದಾಟಿ, ‘ಡೇನಿಷ್ ಬಾಲ್‌ಹೆಡ್’ ಎಂಬ ಹೆಸರಿನಲ್ಲಿ ಅಮೆರಿಕದ ರೈತರ ನೆಲಮಾಳಿಗೆಗಳನ್ನೂ ಸೇರಿತು.

ಈ ಬೆಳೆಯಲ್ಲಿ ರೈತನ ಜಾಣ್ಮೆಯೆಲ್ಲ ಕಾಲನಿರ್ಣಯದಲ್ಲಿದೆ. ಆ ದೇಶಗಳಲ್ಲಿ ಮೇ ತಿಂಗಳಲ್ಲೋ ಜೂನ್ ಮೊದಲಲ್ಲೋ ಒಟ್ಟಲು ಹಾಕಿ, ಜೂನ್ ಕೊನೆಯಿಂದ ಜುಲೈ ತಿಂಗಳೊಳಗೆ ಸಸಿಗಳನ್ನು ನಾಟಿಮಾಡುತ್ತಾರೆ. ಇನ್ನೂ ಬಿಸಿಲು ಸುಡುತ್ತಿರುವಾಗಲೇ ಹಿಮದ ದಿನಗಳನ್ನು ಎಣಿಸಿ ಕೈಹಾಕಬೇಕಾದ ಕೆಲಸವಿದು. ಮುಂಚೆ ನಾಟಿ ಮಾಡಿದರೆ ಗಡ್ಡೆ ಹಿಮ ಬೀಳುವ ಮೊದಲೇ ಬಲಿತು ಒಡೆಯುತ್ತದೆ. ತಡಮಾಡಿದರೆ ಒಳಗು ತುಂಬದೆ ಪೊಳ್ಳಾಗಿ ಉಳಿಯುತ್ತದೆ. ಸಸಿಯಿಂದ ಸಸಿಗೆ ಒಂದೂವರೆ ಎರಡು ಅಡಿ ಅಂತರ, ಕಸುವುಳ್ಳ ಗೊಬ್ಬರ, ತಪ್ಪದ ನೀರು ಇವಿಷ್ಟನ್ನೂ ಕೋಸು ಬೇಡುತ್ತದೆ. ಬಲಿತ ಗಡ್ಡೆಗೆ ಏಕಾಏಕಿ ಮಳೆ ಸುರಿದರೆ ಬೇರು ನೀರನ್ನು ಮಿತಿಮೀರಿ ಹೀರಿ ಗಡ್ಡೆ ಬಿರಿಯುವುದುಂಟು. ಆಗ ಅನುಭವಿಗಳು ಗಡ್ಡೆಯನ್ನು ಎರಡೂ ಕೈಗಳಿಂದ ಹಿಡಿದು ಅರ್ಧ ಸುತ್ತು ತಿರುಚುತ್ತಾರೆ. ಒಂದಿಷ್ಟು ಬೇರು ಹರಿಯುತ್ತದೆ, ನೀರಿನ ಸೆಳೆತ ತಗ್ಗುತ್ತದೆ, ಗಡ್ಡೆ ಉಳಿಯುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಕೇಡು ನೆಲದೊಳಗಿನಿಂದಲೇ ಬರಬಹುದು. 1870ರ ದಶಕದಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ಸುತ್ತಿನ ಕೋಸಿನ ತೋಟಗಳಿಗೆ ಬೇರುಗಂಟಿನ ರೋಗ ಬಡಿಯಿತು. ಬೇರುಗಳು ಗದೆಯಂತೆ ಊದಿಕೊಂಡು, ಗಿಡ ನಿಂತಲ್ಲೇ ಬಾಡುತ್ತಿತ್ತು. ಕೋಸನ್ನೇ ನಂಬಿ ಚಳಿಗಾಲ ಕಳೆಯುವ ಜನಕ್ಕೆ ಇದು ಸಾಮಾನ್ಯ ನಷ್ಟವಲ್ಲ. ಮಿಖಾಯಿಲ್ ವೊರೋನಿನ್ ಎಂಬ ವಿಜ್ಞಾನಿ ವರ್ಷಗಟ್ಟಲೆ ದುಡಿದು, ಮಣ್ಣಿನಲ್ಲಿರುವ ಸೂಕ್ಷ್ಮಜೀವಿಯೊಂದು ಇದಕ್ಕೆ ಕಾರಣವೆಂದು 1878ರಲ್ಲಿ ಪ್ರಕಟಿಸಿದ. ಈ ಜೀವಿಯ ಕಣಗಳು ಮಣ್ಣಿನಲ್ಲಿ ಹತ್ತಾರು ವರ್ಷ ಸಾಯದೆ ಉಳಿಯಬಲ್ಲವು. ಆದ್ದರಿಂದಲೇ ಇಂದಿಗೂ ತಿಳಿದ ರೈತರು ಒಂದೇ ಹೊಲದಲ್ಲಿ ಒಂದರ ಹಿಂದೊಂದು ವರ್ಷ ಕೋಸು ಬೆಳೆಯುವುದಿಲ್ಲ. ಹುಳಿ ಮಣ್ಣಿಗೆ ಸುಣ್ಣ ಬೆರೆಸುತ್ತಾರೆ.

ಇನ್ನು ಕೊಯ್ಲಿನ ಮಾತು. ಮೊದಲ ಲಘು ಹಿಮ ಕೋಸಿಗೆ ಕೇಡಲ್ಲ, ವರ. ಚಳಿಯಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡ ಒಳಗಿನ ಸಕ್ಕರೆಯ ಅಂಶವನ್ನು ಹೆಚ್ಚಿಸಿಕೊಳ್ಳುತ್ತದೆ, ರುಚಿ ಸಿಹಿಯಾಗುತ್ತದೆ. ಆದರೆ ಗಡ್ಡೆಯ ಒಡಲೊಳಗೂ ಹೆಪ್ಪುಗಟ್ಟುವಷ್ಟು ಕಾದರೆ, ಆಮೇಲೆ ಅದು ಕೊಳೆಯದೆ ಉಳಿಯದು. ಆದ್ದರಿಂದ ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ, ಎರಡು ಹಿಮಗಳ ನಡುವೆ ಒಂದು ಒಣ ದಿನ ನೋಡಿ ಕೊಯ್ಯಬೇಕು. ಪೆಟ್ಟು ಬಿದ್ದುದನ್ನೂ ಹುಳು ತಿಂದುದನ್ನೂ ಬೇರೆ ತೆಗೆದು, ಹೊರಗಿನ ಮೂರು ನಾಲ್ಕು ಎಲೆಗಳನ್ನು ರಕ್ಷೆಗಾಗಿ ಉಳಿಸಿ ಒಳಗಿಡುತ್ತಾರೆ. ಹೆಪ್ಪುಗಟ್ಟದ, ಆದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗೆ ತೀರ ಸಮೀಪದ ತಂಪು ಬೇಕು. ಗಾಳಿಯಲ್ಲಿ ತೇವ ನೂರಕ್ಕೆ ತೊಂಬತ್ತೈದರಷ್ಟಿರಬೇಕು. ಇಷ್ಟು ಒದಗಿದರೆ ಒಳ್ಳೆಯ ತಡದ ಕೋಸು ಐದಾರು ತಿಂಗಳು ಹಸಿಯಾಗಿಯೇ ಬಾಳುತ್ತದೆ. ಮಾಳಿಗೆ ಇಲ್ಲದವರು ಹೊಲದಲ್ಲೇ ಕಂದಕ ತೋಡಿ, ಗಿಡಗಳನ್ನು ಬೇರುಸಹಿತ ಕಿತ್ತು ತಲೆಕೆಳಗಾಗಿ ಸಾಲಿಟ್ಟು, ಮೇಲೆ ಹುಲ್ಲನ್ನೂ ಮಣ್ಣನ್ನೂ ಹೊದಿಸುತ್ತಿದ್ದರು. ಬೇಕಾದಾಗ ಹಿಮವನ್ನು ಸರಿಸಿ ಒಂದೊಂದನ್ನೇ ತೆಗೆಯುವುದು. ಸೇಬಿನ ಪಕ್ಕದಲ್ಲಿ ಕೋಸನ್ನು ಇಡಬಾರದೆಂಬ ನಿಯಮವೂ ಇದೆ. ಸೇಬು ಹೊರಸೂಸುವ ಎಥಿಲೀನ್ ಅನಿಲ ಕೋಸಿನ ಎಲೆಗಳನ್ನು ಹಳದಿಯಾಗಿಸಿ ಉದುರಿಸುತ್ತದೆ.

ಹಸಿಯಾಗಿ ಉಳಿಯದುದನ್ನು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ, ಒತ್ತಿ ಪೀಪಾಯಿಗಳಲ್ಲಿ ಹುಳಿ ಬರಿಸುತ್ತಿದ್ದರು. ಜರ್ಮನರ ‘ಸೌರ್‌ಕ್ರೌಟ್’ ಇದೇ. ಕ್ಯಾಪ್ಟನ್ ಜೇಮ್ಸ್ ಕುಕ್ 1768ರಲ್ಲಿ ‘ಎಂಡೆವರ್’ ಹಡಗಿನಲ್ಲಿ ಹೊರಟಾಗ ಇಂತಹ ಹುಳಿಕೋಸನ್ನು ಸಾವಿರಾರು ಪೌಂಡು ತುಂಬಿಕೊಂಡಿದ್ದ. ನಾವಿಕರು ಮೊದಲು ಮೂಗು ಮುರಿದರು. ಕುಕ್ ಬಲವಂತ ಮಾಡಲಿಲ್ಲ. ಅಧಿಕಾರಿಗಳ ಪಂಕ್ತಿಯಲ್ಲಿ ದಿನವೂ ಅದನ್ನು ಬಡಿಸಿ, ಉಳಿದವರು ಬೇಕಾದರೆ ತಿನ್ನಲಿ, ಇಲ್ಲವಾದರೆ ಬಿಡಲಿ ಎಂದ. ಮೇಲಿನವರು ಮೆಚ್ಚಿದುದನ್ನು ಕಂಡ ನಾವಿಕರು ತಾವೇ ಕೇಳತೊಡಗಿದರು. ವಸಡು ಕೊಳೆತು, ಹಲ್ಲು ಉದುರಿ ಸಾಯುವ ಸ್ಕರ್ವಿ ರೋಗ ದೀರ್ಘಯಾನಗಳಲ್ಲಿ ಹಡಗು ಹಡಗುಗಳನ್ನೇ ಬರಿದು ಮಾಡುತ್ತಿದ್ದ ಕಾಲವದು. ಹೋದಲ್ಲೆಲ್ಲ ಹಸಿರು ಸೊಪ್ಪನ್ನು ಹುಡುಕಿ ತರಿಸಿದ ಕುಕ್‌ನ ಶಿಸ್ತಿನೊಡನೆ ಹುಳಿಕೋಸೂ ತನ್ನ ಪಾಲಿನ ರಕ್ಷಣೆ ಕೊಟ್ಟಿತು. ಅದರ ಗುಟ್ಟು ಬಯಲಾದುದು ಬಹಳ ತಡವಾಗಿ. ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್‌ಜಾರ್ಜಿ 1928ರಲ್ಲಿ ಪ್ರಾಣಿಗಳ ಗ್ರಂಥಿಯಿಂದ ಮಾತ್ರವಲ್ಲದೆ ಕಿತ್ತಳೆ ಮತ್ತು ಕೋಸಿನಿಂದಲೂ ಬೇರ್ಪಡಿಸಿದ ಆಮ್ಲವೇ ‘ಸಿ’ ಜೀವಸತ್ವವೆಂದು ಮುಂದೆ ಸ್ಥಿರಪಟ್ಟಿತು. 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಹೀಗೆ ಕೂಡಿಡುವ ವಿವೇಕ ನಮಗೆ ಹೊಸದೇನಲ್ಲ. ಉತ್ತರ ಕರ್ನಾಟಕದ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬರಗಾಲವನ್ನು ದಾಟಿದರು. ಕರಾವಳಿ ಮಲೆನಾಡುಗಳ ಗೃಹಿಣಿಯರು ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟು ಆಷಾಢದ ಜಡಿಮಳೆಯನ್ನು ಕಳೆದರು. ನಮಗೆ ಮಳೆಗಾಲ ಒಡ್ಡಿದ ಪ್ರಶ್ನೆಯನ್ನೇ ಅವರಿಗೆ ಹಿಮ ಒಡ್ಡಿತು. ನಮ್ಮ ದೇಶದೊಳಗೇ ಆ ಹಿಮದ ಪ್ರಶ್ನೆಯನ್ನು ಎದುರಿಸುವವರು ಲಡಾಖಿನ ಜನ. ಸಮುದ್ರಮಟ್ಟದಿಂದ ಹನ್ನೊಂದು ಸಾವಿರ ಅಡಿಗೂ ಮೇಲಿರುವ ಲೇಹ್ ಸುತ್ತಿನ ಹಳ್ಳಿಗಳಲ್ಲಿ ಬೇಸಗೆಯ ಬೆಳೆಯಾದ ಕೋಸು, ಆಲೂಗಡ್ಡೆ, ಮೂಲಂಗಿಗಳನ್ನು ಚಳಿಗೆ ಮುಂಚೆ ನೆಲಗುಳಿಗಳಲ್ಲಿ ಹೂಳಿಡುತ್ತಾರೆ. ಕಣಿವೆಯ ದಾರಿಗಳು ಹಿಮದಲ್ಲಿ ಮುಚ್ಚಿಹೋದ ಮೇಲೆ ಒಲೆಯ ಮೇಲಿನ ಪಾತ್ರೆಗೆ ಹಸಿರು ಬರುವುದು ಆ ಗುಳಿಗಳಿಂದಲೇ. 1962ರಲ್ಲಿ ಅಲ್ಲಿ ಆರಂಭವಾದ ರಕ್ಷಣಾ ಸಂಶೋಧನಾಲಯ, ಗಡಿ ಕಾಯುವ ಸೈನಿಕರಿಗೂ ತಾಜಾ ತರಕಾರಿ ಒದಗಬೇಕೆಂದು ಅಲ್ಲಿನ ಕೃಷಿಯಲ್ಲಿ ದುಡಿಯುತ್ತ ಬಂದಿದೆ.

ಇಂದು ಶೀತಲಗೃಹಗಳಿವೆ, ಹಡಗು ವಿಮಾನಗಳಿವೆ. ಕೋಪನ್‌ಹೇಗನ್ನಿನ ಅಂಗಡಿಯಲ್ಲಿ ಜನವರಿಯಲ್ಲೂ ಬಿಸಿಲುನಾಡಿನ ತರಕಾರಿ ದೊರೆಯುತ್ತದೆ. ಆದರೂ ಆ ಶೀತಲಗೃಹ ಮಾಡುವುದು ಹಳೆಯ ಮಣ್ಣಿನ ಕಂದಕ ಮಾಡುತ್ತಿದ್ದ ಕೆಲಸವನ್ನೇ: ಅದೇ ತಂಪು, ಅದೇ ತೇವ, ಅದೇ ಕತ್ತಲೆ. ಹಿಂದಿನವರು ವಸಂತ ಬಂದಾಗ ಮಾಳಿಗೆಯಲ್ಲಿ ಉಳಿದ ಗಡ್ಡೆಗಳಲ್ಲಿ ಉತ್ತಮವಾದ ಒಂದೆರಡನ್ನು ತಿನ್ನದೆ ತೆಗೆದಿರಿಸಿ, ಬೇರುಸಹಿತ ಮತ್ತೆ ಹೊಲದಲ್ಲಿ ನೆಡುತ್ತಿದ್ದರು. ನೆತ್ತಿಯನ್ನು ಕತ್ತಿಯಿಂದ ಅಡ್ಡಡ್ಡ ಗೀರಿದರೆ ಸಾಕು, ಹೂದಂಟು ಹೊರಬರುತ್ತಿತ್ತು. ಮುಂದಿನ ಬಿತ್ತನೆಯ ಬೀಜ ಅದರಿಂದಲೇ. ಮಾಗಿ ಎಷ್ಟೇ ದೀರ್ಘವಾಗಿರಲಿ, ಮನೆಯಲ್ಲಿ ಬಾಯಿಗಳು ಎಷ್ಟೇ ಇರಲಿ, ಆ ಒಂದೆರಡು ಗಡ್ಡೆಗಳನ್ನು ಯಾರೂ ಮುಟ್ಟುತ್ತಿರಲಿಲ್ಲ.