ಭೂತಬಂಗಲೆಯ ಮೇಲೆ 37.5 ಕೋಟಿ ಡಾಲರ್ ನೆರಳು: 'ಗ್ರ್ಯಾಬ್ಡ್ ಬೈ ದಿ ಗೂಲೀಸ್' ಎಂಬ ನತದೃಷ್ಟ ಆಟ

ಅಕ್ಕನ ಮಗಳಿಗೆ ಎಂಟು ವರ್ಷ. ಕಳೆದ ರಜೆಯಲ್ಲಿ ನಮ್ಮ ಮನೆಗೆ ಬಂದವಳು ಒಂದು ಷರತ್ತು ಹಾಕಿದಳು: "ದೆವ್ವದ ಗೇಮ್ ಬೇಕು. ಆದ್ರೆ ರಾತ್ರಿ ನಾನೊಬ್ಳೇ ಬಾತ್‌ರೂಮಿಗೆ ಹೋಗೋಕಾಗ್ಬೇಕು." ಕೇಳೋಕೆ ತಮಾಷೆ ಅನ್ನಿಸಿದರೂ ಇದು ಕಷ್ಟದ ಬೇಡಿಕೆ. ಈಗಿನ ದೆವ್ವದ ಆಟಗಳಲ್ಲಿ ಹೆಚ್ಚಿನವು ರಕ್ತ, ಕಿರುಚಾಟಗಳನ್ನೇ ನಂಬಿಕೊಂಡಿವೆ. ಮಕ್ಕಳಿಗೆಂದೇ ಮಾಡಿದ ಆಟಗಳೋ, ಭಯವನ್ನೇ ತೆಗೆದುಬಿಡುತ್ತವೆ.

ಹುಡುಕಾಡಿದಾಗ ಕೈಗೆ ಸಿಕ್ಕಿದ್ದು 2003ರ ಅಕ್ಟೋಬರಿನಲ್ಲಿ ಮೊದಲ ಎಕ್ಸ್‌ಬಾಕ್ಸ್‌ಗೆ ಬಂದ 'ಗ್ರ್ಯಾಬ್ಡ್ ಬೈ ದಿ ಗೂಲೀಸ್'. ಬಂದ ಕಾಲದಲ್ಲಿ ವಿಮರ್ಶಕರು ಮೂಗು ಮುರಿದಿದ್ದರು, ಜನ ಬೇಗ ಮರೆತರು. ಈಗ ಆಡಿ ಮುಗಿಸಿದ ಮೇಲೆ ನನಗೆ ಅನ್ನಿಸೋದು ಇಷ್ಟು: ಈ ಆಟ ಸೋತದ್ದಕ್ಕೆ ಅದರ ಗುಣಮಟ್ಟಕ್ಕಿಂತ ಅದಕ್ಕೆ ಅಂಟಿದ್ದ ಬೆಲೆಯ ಚೀಟಿಯೇ ದೊಡ್ಡ ಕಾರಣ.

ಬಂಗಲೆಯೊಳಗೆ ಏನಿದೆ?

ಕತೆ ಸರಳ. ಕೂಪರ್ ಅನ್ನೋ ಹುಡುಗ ಮತ್ತು ಅವನ ಗೆಳತಿ ಆಂಬರ್ ಮಳೆಗೆ ಸಿಕ್ಕಿಹಾಕಿಕೊಂಡು ಗೂಲ್‌ಹೇವನ್ ಹಾಲ್ ಎಂಬ ಹಳೇ ಬಂಗಲೆಯ ಹತ್ತಿರ ಬರುತ್ತಾರೆ. ಅದರ ಒಡೆಯ ಬ್ಯಾರನ್ ವಾನ್ ಗೂಲ್ ಆಂಬರ್‌ಳನ್ನು ಹಿಡಿದಿಡುತ್ತಾನೆ, ಕೂಪರ್ ಅವಳನ್ನು ಬಿಡಿಸಲು ಒಳಗೆ ನುಗ್ಗುತ್ತಾನೆ. ನಾಯಕಿಯನ್ನು ನಾಯಕ ಬಿಡಿಸೋ ಈ ಹಳಸಲು ಸೂತ್ರದ ಬಗ್ಗೆ ನನಗೂ ತಕರಾರಿದೆ. ಸಮಾಧಾನ ಏನಂದ್ರೆ, ಕೂಪರ್ ಶೂರನಲ್ಲ, ಪುಕ್ಕಲ. ಬಂಗಲೆಯ ಬಟ್ಲರ್ ಕ್ರಿವೆನ್ಸ್, ಅಡುಗೆಯಜ್ಜಿ ಮಾ ಸೂಪ್ಸ್‌ವಿಲ್ ಇಲ್ಲದಿದ್ದರೆ ಅವನ ಕತೆ ಅಲ್ಲೇ ಮುಗಿದಿರುತ್ತಿತ್ತು. ಒಡೆಯನ ಮನೆಯಲ್ಲಿ ದುಡಿಯುವವರೇ ಒಡೆಯನ ವಿರುದ್ಧ ಹುಡುಗನಿಗೆ ದಾರಿ ತೋರಿಸುವುದು ನನಗಂತೂ ಖುಷಿ ಕೊಟ್ಟಿತು.

ಆಟದ ಜಾಣತನ ಇರೋದು ಅದರ ನಿಯಮಗಳಲ್ಲಿ. ಒಂದು ಕಡ್ಡಿಯಿಂದ ಓಡಾಟ, ಇನ್ನೊಂದು ಕಡ್ಡಿಯನ್ನು ಯಾವ ದಿಕ್ಕಿಗೆ ತಳ್ಳುತ್ತೀರೋ ಆ ದಿಕ್ಕಿಗೆ ಹೊಡೆತ. ಕುರ್ಚಿಯಂಥ ಕೈಗೆ ಸಿಕ್ಕ ಸಾಮಾನೆಲ್ಲ ಆಯುಧ. ಎಂಟು ವರ್ಷದ ಮಗುವಿಗೆ ಐದು ನಿಮಿಷದಲ್ಲಿ ಅರ್ಥವಾಯಿತು. ಪ್ರತಿ ಕೋಣೆಯೂ ಒಂದೊಂದು ಸಣ್ಣ ಒಗಟು. ಒಳಗೆ ಕಾಲಿಟ್ಟಾಗ ನಿಮ್ಮ ಜೀವ ಎಷ್ಟು ಅನ್ನೋದನ್ನು ಆ ಕೋಣೆಯೇ ನಿಗದಿ ಮಾಡುತ್ತೆ. ಜೊತೆಗೆ ಷರತ್ತುಗಳು: ಇಷ್ಟೇ ಸಮಯದೊಳಗೆ ಮುಗಿಸು, ಬರಿಗೈಯಲ್ಲಿ ಹೊಡೆಯಬೇಡ, ಇಂಥ ಭೂತವನ್ನು ಮುಟ್ಟಬೇಡ. ತಪ್ಪಿದರೆ ಕುಡುಗೋಲು ಹಿಡಿದ ಗ್ರಿಮ್ ರೀಪರ್, ಅಂದರೆ ನಮ್ಮ ಯಮನ ದೂರದ ನೆಂಟ, ಪ್ರತ್ಯಕ್ಷ. ಅವನು ಮುಟ್ಟಿದರೆ ಕತೆ ಮುಗೀತು.

ನನಗೆ ಹೆಚ್ಚು ಇಷ್ಟವಾಗಿದ್ದು ಭಯವನ್ನು ಆಟ ನಿಭಾಯಿಸೋ ರೀತಿ. ಏನಾದರೂ ದಿಢೀರನೆ ಎದುರಾದರೆ ಕೂಪರ್ ಗಾಬರಿಯಾಗುತ್ತಾನೆ. ತೆರೆಯ ಮೇಲೆ ಕೆಲವು ಬಟನ್‌ಗಳು ಸಾಲಾಗಿ ಬರುತ್ತವೆ. ಅದೇ ಕ್ರಮದಲ್ಲಿ ಬೇಗ ಒತ್ತಿದರೆ ಅವನು ಸಾವರಿಸಿಕೊಳ್ಳುತ್ತಾನೆ, ಇಲ್ಲವಾದರೆ ಒಂದಿಷ್ಟು ಜೀವ ಹೋಗುತ್ತೆ. ಹೆದರುವುದು ತಪ್ಪಲ್ಲ, ಹೆದರಿದ ಮೇಲೆ ಉಸಿರು ಹಿಡಿದು ಮುಂದಿನ ಕೆಲಸ ಮಾಡೋದನ್ನು ಕಲೀಬಹುದು ಅಂತ ಒಂದು ಮಾತೂ ಆಡದೆ ಹೇಳಿಕೊಡುತ್ತೆ. ಮಗು ಮೊದಲ ಸಲ ಕಿರುಚಿದಳು. ನಾಲ್ಕನೇ ಸಲ ನನಗೇ ಸುಮ್ಮನಿರು ಅಂದಳು.

ಹೆಸರಿನ ಹಿಂದೆ ನಮ್ಮ ಗೋಲಿ

ಇಲ್ಲೊಂದು ದೊಡ್ಡವರ ಜೋಕು ಅಡಗಿದೆ. ಇಂಗ್ಲಿಷಿನಲ್ಲಿ 'ಗೂಲ್' ಅಂದರೆ ಪಿಶಾಚಿ. ಆದರೆ ಬ್ರಿಟನ್ನಿನ ಆಡುಮಾತಿನಲ್ಲಿ 'ಗೂಲೀಸ್' ಅಂದರೆ ವೃಷಣ. ಆಟದ ಹೆಸರನ್ನು ಎರಡೂ ರೀತಿ ಓದಿ ನೋಡಿ, ತಮಾಷೆ ಗೊತ್ತಾಗುತ್ತೆ. ಈ ಆಡುಮಾತು ಹಿಂದುಸ್ತಾನಿಯ 'ಗೋಲಿ'ಯಿಂದ ಹೋಗಿರಬೇಕು ಅನ್ನೋದು ನಿಘಂಟುಕಾರರ ಅಂದಾಜು. ನಾವು ಬೀದಿಯಲ್ಲಿ ಆಡ್ತಿದ್ವಲ್ಲ, ಅದೇ ಗೋಲಿ! ವಸಾಹತುಶಾಹಿ ನಮ್ಮಿಂದ ಹೊತ್ತೊಯ್ದ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ.

ಹಾಗಾದರೆ ಸೋತದ್ದು ಯಾಕೆ?

ಆಟ ಮಾಡಿದ್ದು ಇಂಗ್ಲೆಂಡಿನ ಟ್ವೈಕ್ರಾಸ್ ಎಂಬ ಹಳ್ಳಿಯಲ್ಲಿದ್ದ 'ರೇರ್' ಸ್ಟುಡಿಯೋ. ಸ್ಟ್ಯಾಂಪರ್ ಸಹೋದರರು 1985ರಲ್ಲಿ ಕಟ್ಟಿದ ಸಂಸ್ಥೆ. 'ಡಾಂಕಿ ಕಾಂಗ್ ಕಂಟ್ರಿ', 'ಗೋಲ್ಡನ್‌ಐ 007', 'ಬ್ಯಾಂಜೋ-ಕಝೂಯಿ' ಇವರದೇ. ಅದರಲ್ಲಿ 49% ಪಾಲು ಜಪಾನಿನ ನಿಂಟೆಂಡೋ ಬಳಿ ಇತ್ತು. 2002ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಇಡೀ ಸಂಸ್ಥೆಯನ್ನು 37.5 ಕೋಟಿ ಡಾಲರ್‌ಗೆ ಕೊಂಡಿತು.

ಗೂಲೀಸ್ ಶುರುವಾಗಿದ್ದು ನಿಂಟೆಂಡೋದ ಗೇಮ್‌ಕ್ಯೂಬ್‌ಗಾಗಿ. ಒಡೆತನ ಬದಲಾದ ಮೇಲೆ ತಂಡ ಅದನ್ನು ಎಕ್ಸ್‌ಬಾಕ್ಸ್‌ಗೆ ಹೊರಳಿಸಬೇಕಾಯಿತು. ವ್ಯವಹಾರ ಮುಗಿದು ಸುಮಾರು ಒಂದು ವರ್ಷಕ್ಕೆ ಆಟ ಹೊರಬಂತು. ಆಗ ಎಲ್ಲರ ಪ್ರಶ್ನೆ ಒಂದೇ: "ಅಷ್ಟು ಕೋಟಿ ಕೊಟ್ಟಿದ್ದು ಇದಕ್ಕಾ?" 'ಹ್ಯಾಲೋ'ದಂಥ ಗುಂಡಿನಾಟದಿಂದ ಹೆಸರು ಮಾಡಿದ ಯಂತ್ರದ ಮೇಲೆ, ಕುರ್ಚಿ ಎತ್ತಿ ಅಸ್ಥಿಪಂಜರಕ್ಕೆ ಬಾರಿಸೋ ಕಾರ್ಟೂನ್ ಹುಡುಗ. ವಿಮರ್ಶೆಗಳ ಸರಾಸರಿ ನೂರಕ್ಕೆ ಅರವತ್ತೈದರ ಆಸುಪಾಸಿನಲ್ಲಿ ನಿಂತಿತು.

ಹೋಲಿಸಿ ನೋಡಿ. 2001ರಲ್ಲಿ ಬಂದ ನಿಂಟೆಂಡೋದ 'ಲುಯಿಜೀಸ್ ಮ್ಯಾನ್ಷನ್' ಕೂಡ ಪುಕ್ಕಲ ನಾಯಕನ ಭೂತಬಂಗಲೆಯ ಆಟವೇ, ಅದೂ ಚಿಕ್ಕದೇ. ಅದಕ್ಕೆ 2013ರಲ್ಲಿ, 2019ರಲ್ಲಿ ಮುಂದಿನ ಭಾಗಗಳು ಬಂದವು. ಗೂಲೀಸ್‌ಗೆ ಎರಡನೇ ಅವಕಾಶವೇ ಸಿಗಲಿಲ್ಲ.

ಆಟದಲ್ಲಿ ದೋಷಗಳಿಲ್ಲ ಅಂತಲ್ಲ. ಒಂದೇ ಕೋಣೆಗೆ ಮತ್ತೆ ಮತ್ತೆ ಕಳಿಸುತ್ತೆ. ಕ್ಯಾಮೆರಾ ಕೆಲವೊಮ್ಮೆ ಗೋಡೆ ನೋಡುತ್ತಾ ನಿಲ್ಲುತ್ತೆ. ಕೊನೆಯ ಕೋಣೆಗಳಲ್ಲಿ ಮಗು ರಿಮೋಟನ್ನು ನನ್ನ ಕೈಗೇ ಕೊಟ್ಟಳು. ಆದರೆ ಇವು ಒಂದು ಸಣ್ಣ ಆಟದ ಸಣ್ಣ ತಪ್ಪುಗಳು. ಷೇರು ಮಾರುಕಟ್ಟೆಯ ಲೆಕ್ಕವನ್ನು ತಂದು ಕೂಪರ್‌ನ ಹೆಗಲಿಗೆ ಹಾಕಿದ್ದು ಯಾವ ನ್ಯಾಯ?

ಇದು ಬರೀ ಆಟದ ಮಾತಲ್ಲ

2015ರಲ್ಲಿ ರೇರ್ ತನ್ನ 30 ವರ್ಷದ ನೆನಪಿಗೆ 30 ಆಟಗಳನ್ನು ಸೇರಿಸಿ 'ರೇರ್ ರಿಪ್ಲೇ' ಎಂಬ ಸಂಕಲನ ತಂದಿತು. ಗೂಲೀಸ್ ಅದರಲ್ಲಿತ್ತು. ನಾನು ಆಡಿದ್ದೂ ಅದನ್ನೇ. ಆದರೆ ಅದೇ ಸಂಸ್ಥೆಯ ಅತಿ ಪ್ರಸಿದ್ಧ 'ಗೋಲ್ಡನ್‌ಐ' ಅದರಲ್ಲಿ ಇರಲಿಲ್ಲ, ಹಕ್ಕುಗಳು ಹಲವರ ಕೈಯಲ್ಲಿ ಹಂಚಿಹೋಗಿದ್ದವು. ಅಂದರೆ ಒಂದು ಆಟ ಉಳಿಯೋದು ಅದು ಚೆನ್ನಾಗಿದೆ ಅಂತಲ್ಲ, ಅದರ ಕಾಗದಪತ್ರ ಒಬ್ಬನೇ ಒಡೆಯನ ಬೀರುವಿನಲ್ಲಿದೆ ಅಂತ. 2010ಕ್ಕೂ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ 87% ಇವತ್ತು ಮಾರುಕಟ್ಟೆಯಲ್ಲಿ ಸಿಗುವುದೇ ಇಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್‌ನ 2023ರ ಅಧ್ಯಯನ ಹೇಳಿತ್ತು.

ಮಾಡಿದವರ ಗತಿಯೂ ಅಷ್ಟೇ. 2025ರ ಜುಲೈನಲ್ಲಿ ಮೈಕ್ರೋಸಾಫ್ಟ್ ಸುಮಾರು 9,000 ನೌಕರರನ್ನು ಮನೆಗೆ ಕಳಿಸಿತು. ರೇರ್ ವರ್ಷಗಟ್ಟಲೆ ಕಟ್ಟುತ್ತಿದ್ದ 'ಎವರ್‌ವೈಲ್ಡ್' ರದ್ದಾಯಿತು. ಗೂಲೀಸ್ ಹಿಂದಿನ ಮುಖ್ಯ ಕೈ, ದಶಕಗಳ ಕಾಲ ಅಲ್ಲೇ ದುಡಿದ ಗ್ರೆಗ್ ಮೇಲ್ಸ್ ಕೂಡ ಸಂಸ್ಥೆ ಬಿಡುತ್ತಿದ್ದಾರೆಂದು ಆಗಲೇ ವರದಿಯಾಯಿತು. ಕೋಟಿ ಕೊಟ್ಟು ಕೊಂಡಾಗ ಅವರು 'ಪ್ರತಿಭೆ', ಲೆಕ್ಕ ಹೊಂದದಿದ್ದಾಗ 'ವೆಚ್ಚ'.

ಪುಸ್ತಕಗಳಿಗೆ ಗ್ರಂಥಾಲಯ ಬೇಕು ಅಂತ ನಾವು ವಾದ ಮಾಡುತ್ತೇವೆ, ಮಾಡಲೇಬೇಕು. ಒಂದು ಪೀಳಿಗೆ ತನ್ನ ಬಾಲ್ಯ ಕಳೆದ ಆಟಗಳಿಗೂ ಅಂಥದ್ದೊಂದು ಸಾರ್ವಜನಿಕ ಕಪಾಟು ಬೇಡವೇ? ಅಥವಾ ಅವು ಇರಬೇಕೋ ಬೇಡವೋ ಅನ್ನೋದನ್ನು ಬ್ಯಾರನ್‌ಗಳೇ ತೀರ್ಮಾನಿಸಲಿ ಅಂತ ಬಿಡೋಣವೇ?

ಅಂದಹಾಗೆ, ಆಟ ಮುಗಿದ ರಾತ್ರಿ ಮಗು ಒಬ್ಬಳೇ ಬಾತ್‌ರೂಮಿಗೆ ಹೋದಳು. ಹೋಗುವಾಗ ಹಾಲ್‌ನ ಕುರ್ಚಿಯನ್ನು ಒಂದು ಸಲ ಅನುಮಾನದಿಂದ ನೋಡಿದಳು, ಅಷ್ಟೇ.