ಪ್ರಖ್ಯಾತ ಗಾಯಕ, ಸಾಮಾನ್ಯ ಹುಡುಗಿ: ನಮ್ಮ ಮಕ್ಕಳು ಮೊಬೈಲಿನಲ್ಲಿ ಓದುತ್ತಿರುವ ಪ್ರೇಮಕಥೆಗಳು

ಬಳ್ಳಾರಿ ಸೀಮೆಯ ಶಾಲೆ, ಹಾಸ್ಟೆಲ್ ಹಾಗೂ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸಲು ನಮ್ಮ ಕರಾವಳಿಯಿಂದ ಹೋದ ಧರ್ಮಗುರುಗಳು, ಧರ್ಮಭಗಿನಿಯರು, ಶಿಕ್ಷಕಿಯರು ಹಲವರಿದ್ದಾರೆ. ಜೀನ್ಸ್ ಹೊಲಿಯುವ ಬಳ್ಳಾರಿ ನಗರವಿರಲಿ, ಭತ್ತದ ಗದ್ದೆಗಳ ಸಿರುಗುಪ್ಪವಿರಲಿ, ದೊಡ್ಡಬಸವೇಶ್ವರನ ಕುರುಗೋಡು ಇರಲಿ, ಹದಿಮೂರು ಹದಿನಾಲ್ಕರ ಮಕ್ಕಳ ಕೈಗೆ ಮೊಬೈಲ್ ಬಂದಾಗಿದೆ. 2020ರ ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಮನೆಯೊಳಗೆ ಬಂದ ಫೋನ್ ಪಾಠ ಮುಗಿದ ಮೇಲೂ ಹೊರಗೆ ಹೋಗಲಿಲ್ಲ. ಮಕ್ಕಳು ಅದರಲ್ಲಿ ಹಾಡು ಕೇಳುತ್ತಾರೆ, ವಿಡಿಯೋ ನೋಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅವರು ಅದರಲ್ಲಿ ಕಥೆಗಳನ್ನೂ ಓದುತ್ತಾರೆ, ಕೆಲವರು ಬರೆಯುತ್ತಾರೆ ಎಂಬುದು ಹಿರಿಯರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಆ ಕಥೆಗಳ ಪೈಕಿ ಒಂದು ಬಗೆಯ ಬಗ್ಗೆ ಇಲ್ಲಿ ವಿವರಿಸಲು ಬಯಸುತ್ತೇವೆ.

ಕಥೆಯ ಹಂದರ ಸರಳ. ಸಣ್ಣ ಊರಿನ ಸಾಮಾನ್ಯ ಹುಡುಗಿಯೊಬ್ಬಳು ಲೋಕವೇ ಮೆಚ್ಚಿದ ಗಾಯಕನೊಬ್ಬನನ್ನು ಆಕಸ್ಮಿಕವಾಗಿ ಭೇಟಿಯಾಗುತ್ತಾಳೆ. ಬಸ್ಸು ತಪ್ಪಿರುತ್ತದೆ, ಮಳೆ ಬಂದಿರುತ್ತದೆ, ಇಲ್ಲವೇ ಯಾರದೋ ಫೋನ್ ಅದಲು ಬದಲಾಗಿರುತ್ತದೆ. ಅವಳಿಗೆ ಅವನು ಯಾರೆಂದು ಮೊದಲು ತಿಳಿಯುವುದಿಲ್ಲ, ಆದುದರಿಂದಲೇ ಅವನಿಗೆ ಅವಳು ಇಷ್ಟವಾಗುತ್ತಾಳೆ. ಅಭಿಮಾನಿಗಳು ಸ್ವಂತ ಸಂತೋಷಕ್ಕೆ ಬರೆಯುವ ಇಂಥ ಎಷ್ಟೋ ಕಥೆಗಳಲ್ಲಿ ನಾಯಕಿಗೆ ಹೆಸರೇ ಇರುವುದಿಲ್ಲ. ಹೆಸರಿನ ಜಾಗದಲ್ಲಿ 'ವೈ/ಎನ್' ಎಂಬ ಎರಡಕ್ಷರ ಇರುತ್ತದೆ. 'ಯುವರ್ ನೇಮ್', ಅಂದರೆ ನಿನ್ನ ಹೆಸರು ಇಲ್ಲಿ ಹಾಕಿಕೋ ಎಂದು ಅರ್ಥ. ಓದುವ ಹುಡುಗಿ ಸಿರುಗುಪ್ಪದವಳಾದರೆ ಕಥೆಯೂ ಸಿರುಗುಪ್ಪದವಳದೇ ಆಗುತ್ತದೆ.

ಇಂಥ ಕಥೆಗಳ ದೊಡ್ಡ ಕಣಜ 'ವಾಟ್‌ಪ್ಯಾಡ್' ಎಂಬ ಆ್ಯಪ್. ಕೆನಡಾದ ಟೊರಾಂಟೊದಲ್ಲಿ 2006ರಲ್ಲಿ ಆರಂಭವಾದ ಈ ಸಂಸ್ಥೆಯನ್ನು 2021ರಲ್ಲಿ ದಕ್ಷಿಣ ಕೊರಿಯಾದ 'ನೇವರ್' ಕಂಪೆನಿ ಸುಮಾರು 60 ಕೋಟಿ ಡಾಲರ್ ಕೊಟ್ಟು ಕೊಂಡಿತು. ಮಕ್ಕಳ ಹಗಲುಗನಸು ಎಂದು ಹಿರಿಯರು ನಕ್ಕು ಬಿಡುವ ವಸ್ತುವಿಗೆ ಮಾರುಕಟ್ಟೆ ಕಟ್ಟಿದ ಬೆಲೆ ಇದು. ಅಮೆರಿಕದ ಆನ್ನಾ ಟಾಡ್ ಎಂಬ ಯುವತಿ 2013ರಲ್ಲಿ ಗಾಯಕ ಹ್ಯಾರಿ ಸ್ಟೈಲ್ಸ್‌ನನ್ನು ಮನಸ್ಸಿನಲ್ಲಿಟ್ಟು ಫೋನಿನಲ್ಲೇ ಕಂತು ಕಂತಾಗಿ ಬರೆದ 'ಆಫ್ಟರ್' ಮರುವರ್ಷ ಪುಸ್ತಕವಾಯಿತು, 2019ರಲ್ಲಿ ಚಲನಚಿತ್ರವಾಯಿತು. ಕನ್ನಡದಲ್ಲಿ ಧಾರಾವಾಹಿ ಓದುವವರಿಗೆ 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ 'ಪ್ರತಿಲಿಪಿ' ಇದೆ.

ಹಿರಿಯರು ಇದನ್ನು ಈ ಕಾಲದ ಹುಚ್ಚು ಎನ್ನುವ ಮೊದಲು ತಮ್ಮ ಯೌವನವನ್ನು ಸ್ವಲ್ಪ ನೆನಪಿಸಿಕೊಳ್ಳುವುದು ಒಳ್ಳೆಯದು. 1995ರಲ್ಲಿ ಬಂದ 'ಬೆಳದಿಂಗಳ ಬಾಲೆ' ಚಿತ್ರವನ್ನು ಮರೆತವರುಂಟೇ? ಅನಂತನಾಗ್ ಅದರಲ್ಲಿ ಚದುರಂಗದ ಗ್ರ್ಯಾಂಡ್‌ಮಾಸ್ಟರ್. ಹೆಸರು, ವಿಳಾಸ ಹೇಳದ ಹುಡುಗಿಯೊಬ್ಬಳು ಫೋನಿನಲ್ಲಿ ಮಾತನಾಡುತ್ತಾಳೆ, ಒಗಟು ಒಡ್ಡುತ್ತಾಳೆ, ಆ ಖ್ಯಾತನಾಮ ಅವಳನ್ನು ಹುಡುಕಿ ಹೊರಡುತ್ತಾನೆ. ಗಾಯಕನ ಬದಲು ಚದುರಂಗದ ಆಟಗಾರ, ಅಷ್ಟೇ ವ್ಯತ್ಯಾಸ. ಆ ಚಿತ್ರಕ್ಕೆ ಮೂಲ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ಎಂಬುದು ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ. 1953ರ ತನಕ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಬೀದಿಯಲ್ಲಿ ನಡೆಯುತ್ತವೆ. ಯದ್ದನಪೂಡಿ ಸುಲೋಚನಾರಾಣಿಯವರ ಕಾದಂಬರಿಗಳ ಎತ್ತರದ, ಕಾರಿನಲ್ಲಿ ಬರುವ ಶ್ರೀಮಂತ ನಾಯಕ, ಮಾನವಂತೆಯಾದ ಮಧ್ಯಮ ವರ್ಗದ ನಾಯಕಿ, ಇತ್ತ ಕನ್ನಡದಲ್ಲಿ ಸಾಯಿಸುತೆಯವರ ನಾಯಕ ನಾಯಕಿಯರು, ಇವರೆಲ್ಲ ಸರ್ಕ್ಯುಲೇಟಿಂಗ್ ಲೈಬ್ರರಿಯ ಮೂಲಕ ಮನೆಗಳಿಗೆ ಬಂದವರೇ. ಇಂದಿನ ಮೊಮ್ಮಗಳು ಓದುವ ಕಥೆಗೆ ಅಜ್ಜಿ ಓದಿದ ಕಥೆಯ ಜೊತೆ ರಕ್ತಸಂಬಂಧವಿದೆ.

ಹಾಗಾದರೆ ಹೊಸತೇನು? ಕಾದಂಬರಿಯ ನಾಯಕ ಕಲ್ಪನೆಯವನಾಗಿದ್ದ. ಇಂದಿನ ನಾಯಕ ನಿಜವಾಗಿ ಬದುಕಿರುವ ಮನುಷ್ಯ. ಅವನ ದನಿ ದಿನವಿಡೀ ಇಯರ್‌ಫೋನಿನ ಮೂಲಕ ಕಿವಿಯಲ್ಲೇ ಇರುತ್ತದೆ. ಅಮೆರಿಕದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ವಿದ್ವಾಂಸರು 1956ರಲ್ಲೇ ರೇಡಿಯೋ, ಟಿವಿಯ ಮಂದಿಯೊಡನೆ ಕೇಳುಗರಿಗೆ ಬೆಳೆಯುವ ಏಕಮುಖ ಆತ್ಮೀಯತೆಯ ಬಗ್ಗೆ ಬರೆದರು. ಅವರು ಕೊಟ್ಟ ಒಂದು ಉದಾಹರಣೆ ಹುಡುಗಿಯರದ್ದಲ್ಲ. ಹೆಸರು ಹೇಳದ ಹೆಣ್ಣುದನಿಯೊಂದು ರಾತ್ರಿ ರೇಡಿಯೋದಲ್ಲಿ ಪ್ರೇಯಸಿಯಂತೆ ಮಾತನಾಡುತ್ತಿತ್ತು, ಒಂಟಿ ಗಂಡಸರು ಅದು ತಮ್ಮೊಬ್ಬರಿಗೇ ಎಂಬಂತೆ ಕೇಳುತ್ತಿದ್ದರು. ಹುಚ್ಚು ಹುಡುಗಿಯರಿಗೆ ಮಾತ್ರ ಹಿಡಿಯುತ್ತದೆ ಎಂದುಕೊಂಡವರಿಗೆ ಇದು ನೆನಪಿರಲಿ.

ಈಗ ಆ ಏಕಮುಖ ಆತ್ಮೀಯತೆಯೇ ವ್ಯಾಪಾರದ ಸರಕು. ಕೊರಿಯಾದ ಗಾಯಕರು ಬಳಸುವ 'ಬಬಲ್' ಎಂಬ ಆ್ಯಪ್ 2020ರಲ್ಲಿ ಬಂತು. ಅಭಿಮಾನಿ ತಿಂಗಳ ಹಣ ಕಟ್ಟಿ, ತನ್ನನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಬರೆದುಕೊಟ್ಟರಾಯಿತು. ಗಾಯಕ ಎಲ್ಲರಿಗೂ ಒಟ್ಟಿಗೆ ಒಂದೇ ಸಂದೇಶ ಕಳುಹಿಸುತ್ತಾನೆ. ಅದು ಪ್ರತಿಯೊಬ್ಬಳ ಫೋನಿನಲ್ಲೂ ಖಾಸಗಿ ಚಾಟ್‌ನಂತೆ, ಅವಳದೇ ಹೆಸರು ಹಿಡಿದು ಬಂದು ಬೀಳುತ್ತದೆ. 'ಊಟ ಆಯಿತಾ?' ಎಂದು ಅವನು ಕೇಳಿದ್ದು ಲಕ್ಷ ಮಂದಿಯನ್ನು, ಕೇಳಿಸಿಕೊಂಡವಳು ಒಬ್ಬಳೇ. ಹಣ ಕಟ್ಟಲಾಗದವಳಿಗೆ 'ವೈ/ಎನ್' ಕಥೆ ಬಿಟ್ಟಿಯಾಗಿ ಅದನ್ನೇ ಒದಗಿಸುತ್ತದೆ.

ಈ ಕಥೆಗಳಲ್ಲಿ ಹುಡುಗಿಯರಿಗೆ ಸಿಗುವುದೇನು ಎಂಬುದನ್ನು ನಾವು ಸಾವಧಾನದಿಂದ ಯೋಚಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಶೇಕಡಾ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು! ಹತ್ತನೇ ತರಗತಿ ಮುಗಿದೊಡನೆ ಸೋದರಮಾವನಿಗೆ ಕೊಡುವ ಮಾತು ಪಕ್ಕದ ಕೋಣೆಯಲ್ಲಿ ನಡೆಯುತ್ತಿರುವಾಗ, ಆ ಹುಡುಗಿ ಓದುವ ಕಥೆಯಲ್ಲಿ ಲೋಕಪ್ರಸಿದ್ಧನೊಬ್ಬ ಅವಳ ಎದುರು ಕುಳಿತು 'ನಿನಗೇನು ಇಷ್ಟ?' ಎಂದು ಕೇಳುತ್ತಾನೆ. ಕಥೆಯ ಆಕರ್ಷಣೆ ಅವನ ಕೂದಲಿನ ಬಣ್ಣದಲ್ಲಿಲ್ಲ, ಈ ಪ್ರಶ್ನೆಯಲ್ಲಿದೆ ಎಂದು ನಮಗೆ ತೋರುತ್ತದೆ. ಇನ್ನೊಂದು ಮಾತು. ಈ ಪ್ರಿಯಕರ ಯಾವ ಕಾಲಕ್ಕೂ ಕುರುಗೋಡಿನ ಬಸ್ ನಿಲ್ದಾಣದಲ್ಲಿ ಇಳಿಯುವವನಲ್ಲ. ಅವನ ಜಾತಿ ಕೇಳುವಂತಿಲ್ಲ, ಅವನು ಹಿಂಬಾಲಿಸುವುದಿಲ್ಲ, ಅವನಿಂದಾಗಿ ಮನೆಯಲ್ಲಿ ಏಟು ಬೀಳುವುದಿಲ್ಲ. ದೂರವಿರುವುದರಿಂದಲೇ ಅವನು ಸುರಕ್ಷಿತ. ಬಹುಪಾಲು ಮಕ್ಕಳಿಗೆ ಇದು ತಿಳಿದೇ ಇರುತ್ತದೆ, ಹದಿನೆಂಟು ದಾಟುವಷ್ಟರಲ್ಲಿ ತಾನಾಗಿ ಕಳಚಿಕೊಳ್ಳುತ್ತದೆ.

ಕಳಚಿಕೊಳ್ಳದ ಸಂದರ್ಭಗಳೂ ಇವೆ. 2024ರ ಜನವರಿಯಲ್ಲಿ ತಮಿಳುನಾಡಿನ ಕರೂರು ಜಿಲ್ಲೆಯ ಎಂಟನೇ ತರಗತಿಯ ಮೂವರು ಹುಡುಗಿಯರು ಸುಮಾರು 14 ಸಾವಿರ ರೂಪಾಯಿ ಹಿಡಿದು ಮನೆಬಿಟ್ಟರು. ವಿಶಾಖಪಟ್ಟಣದಿಂದ ಹಡಗು ಹತ್ತಿ ಕೊರಿಯಾಕ್ಕೆ ಹೋಗಿ 'ಬಿಟಿಎಸ್' ತಂಡದ ಗಾಯಕರನ್ನು ನೋಡುವುದು ಅವರ ಯೋಜನೆ. ಚೆನ್ನೈ ಮುಟ್ಟುವಷ್ಟರಲ್ಲಿ ಧೈರ್ಯ ಕುಂದಿ ಹಿಂದಿರುಗುವಾಗ ಕಾಟ್ಪಾಡಿ ರೈಲು ನಿಲ್ದಾಣದಲ್ಲಿ ಪತ್ತೆಯಾದರು. ಅದೇ ವರ್ಷ ಡಿಸೆಂಬರಿನಲ್ಲಿ, ನಮ್ಮ ಬೀದರ್-ಕಲಬುರಗಿ ಗಡಿಗೆ ತಾಗಿದ ಮಹಾರಾಷ್ಟ್ರದ ಉಮರ್ಗಾ ತಾಲ್ಲೂಕಿನ ಮೂವರು ಬಾಲಕಿಯರು ತಮ್ಮನ್ನು ಯಾರೋ ಅಪಹರಿಸಿದ್ದಾರೆಂಬ ಸುಳ್ಳು ಕರೆ ಮಾಡಿಸಿ ಪುಣೆಯ ಬಸ್ಸು ಹತ್ತಿದರು. ಪುಣೆಯಲ್ಲಿ ದುಡಿದು, ಹಣ ಕೂಡಿಸಿ, ಅದೇ ಬಿಟಿಎಸ್ ಗಾಯಕರನ್ನು ನೋಡಲು ಹೋಗುವ ಆಸೆ. ಸೊಲ್ಲಾಪುರ ಜಿಲ್ಲೆಯ ಮೋಹೋಳ ಬಸ್ ನಿಲ್ದಾಣದಲ್ಲಿ ಅಂಗಡಿ ನಡೆಸುವ ಮಹಿಳೆಯೊಬ್ಬರ ನೆರವಿನಿಂದ ಪೊಲೀಸರು ಅವರನ್ನು ಬಸ್ಸಿನಿಂದ ಇಳಿಸಿಕೊಂಡರು. ಎರಡೂ ಕಡೆ ಮಕ್ಕಳು ಸುರಕ್ಷಿತವಾಗಿ ಮನೆ ಸೇರಿದ್ದು ದೇವರ ಕೃಪೆ. ಪಾಸ್‌ಪೋರ್ಟ್ ಎಂದರೇನು, ಕೊರಿಯಾ ಎಷ್ಟು ದೂರ ಎಂದು ಈ ಮಕ್ಕಳು ಕೇಳಬಹುದಾಗಿದ್ದ ಒಬ್ಬ ಹಿರಿಯರೂ ಅವರಿಗೆ ಕಾಣಲಿಲ್ಲವೇ ಎಂಬುದೇ ನಮ್ಮನ್ನು ಕಾಡುವ ಪ್ರಶ್ನೆ. ಕೇಳಿದರೆ ಬೈಗುಳ, ಇಲ್ಲವೇ ನಗು ಎಂದು ಅವರಿಗೆ ಗೊತ್ತಿದ್ದಿರಬೇಕು.

ಹಾಡುಗಾರರ ಕಡೆಯಿಂದಲೂ ನೋಡೋಣ. 2024ರ ಫೆಬ್ರವರಿಯಲ್ಲಿ ಕೊರಿಯಾದ 'ಈಸ್ಪಾ' ತಂಡದ ಗಾಯಕಿ ಕರೀನಾ ಒಬ್ಬ ನಟನನ್ನು ಪ್ರೀತಿಸುತ್ತಿರುವ ಸುದ್ದಿ ಹೊರಬಿತ್ತು. ಅಭಿಮಾನಿಗಳು ಸಿಟ್ಟಾದರು, ಅವಳು ಕೈಬರಹದಲ್ಲಿ ಕ್ಷಮೆ ಕೇಳಬೇಕಾಯಿತು. ಒಬ್ಬ ಹೆಣ್ಣುಮಗಳು ಪ್ರೀತಿಸಿದ್ದಕ್ಕೆ ಅಪರಿಚಿತರ ಕ್ಷಮೆ! ನಮ್ಮ ಬಳ್ಳಾರಿಯಲ್ಲೇ 2023ರ ಜನವರಿಯಲ್ಲಿ ಬಳ್ಳಾರಿ ಉತ್ಸವದಲ್ಲಿ ಹಾಡಿದ ಗಾಯಕಿ ಮಂಗ್ಲಿಯವರ ಕಾರಿಗೆ ಕಲ್ಲು ಬಿತ್ತೆಂಬ ಸುದ್ದಿ ಎಲ್ಲೆಡೆ ಹಬ್ಬಿತು. ಹಾಗೇನೂ ಆಗಿಲ್ಲವೆಂದು ಅವರೇ ಸ್ಪಷ್ಟಪಡಿಸಿದರು. ಕಲ್ಲಿನ ಮಾತು ಬಿಡೋಣ. ಆದರೆ ವೇದಿಕೆ ಇಳಿದ ಗಾಯಕಿಯನ್ನು ಹತ್ತಿರದಿಂದ ನೋಡುವ, ಮುಟ್ಟುವ ಹಕ್ಕು ತಮಗಿದೆ ಎಂದುಕೊಳ್ಳುವ ಹುಡುಗರ ಗುಂಪು ಯಾವ ಊರಿನ ಉತ್ಸವದಲ್ಲೂ ಕಾಣಸಿಗುತ್ತದೆ. ಹುಡುಗಿಯರ ಕಥೆಯ ಬಗ್ಗೆ ಚಿಂತಿಸುವ ನಾವು ಇದರ ಬಗ್ಗೆ ಎಷ್ಟು ಮಾತನಾಡಿದ್ದೇವೆ?

ಈ ಕಥೆಗಳಲ್ಲಿ ಸಾಮಾನ್ಯವಾಗಿ ಬರದೇ ಉಳಿಯುವ ಭಾಗ ಒಂದಿದೆ. ಅದೇ ಮದುವೆಯ ನಂತರದ್ದು. ರ‍್ಯಾಪ್ ಗಾಯಕ ಚಂದನ್ ಶೆಟ್ಟಿಯವರು ಬಿಗ್ ಬಾಸ್‌ನಲ್ಲಿ ಜೊತೆಯಲ್ಲಿದ್ದ, ಅದಕ್ಕೂ ಮೊದಲು ಡಬ್‌ಸ್ಮ್ಯಾಶ್ ವಿಡಿಯೋಗಳಿಂದ ಪರಿಚಿತರಾಗಿದ್ದ ಮೈಸೂರಿನ ನಿವೇದಿತಾ ಗೌಡ ಅವರಿಗೆ 2019ರ ಯುವದಸರಾ ವೇದಿಕೆಯಲ್ಲಿ ಉಂಗುರ ತೊಡಿಸಿದಾಗ ಮೈದಾನವೆಲ್ಲ ಶಿಳ್ಳೆ ಹಾಕಿತು. 2020ರ ಫೆಬ್ರವರಿಯಲ್ಲಿ ಮದುವೆಯಾಯಿತು. 2024ರ ಜೂನ್‌ನಲ್ಲಿ ಇಬ್ಬರೂ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದರು. ಅದು ಅವರಿಬ್ಬರ ವಿಷಯ, ತೀರ್ಪು ಹೇಳಲು ನಾವು ಯಾರೂ ಅಲ್ಲ. ವೇದಿಕೆಯ ಉಂಗುರದ ವಿಡಿಯೋ ನೋಡಿದ ಮಕ್ಕಳಿಗೆ ಮುಂದಿನ ನಾಲ್ಕು ವರ್ಷಗಳು ಕಾಣುವುದಿಲ್ಲ ಎಂಬುದಷ್ಟೇ ನಮ್ಮ ಮಾತು. 1973ರ ಹಿಂದಿ ಚಿತ್ರ 'ಅಭಿಮಾನ್' ಆ ಕಾಣದ ಭಾಗವನ್ನೇ ಹೇಳಿತು. ಖ್ಯಾತ ಗಾಯಕ ಹಳ್ಳಿಯ ಹಾಡುವ ಹುಡುಗಿಯನ್ನು ಮದುವೆಯಾಗುತ್ತಾನೆ, ಅವಳು ಅವನಿಗಿಂತ ಚೆನ್ನಾಗಿ ಹಾಡುತ್ತಾಳೆಂದು ಲೋಕ ಹೇಳಿದೊಡನೆ ಮನೆ ಒಡೆಯುತ್ತದೆ. ಎಸ್.ಎಲ್. ಭೈರಪ್ಪನವರ 'ಮಂದ್ರ' ಇನ್ನೂ ಕಠಿಣವಾಗಿದೆ. ಅದರಲ್ಲಿ ಸಂಗೀತದಲ್ಲಿ ಮಹಾನ್ ಆದವನು ಕಲಿಯಲು ಬಂದ ಹೆಣ್ಣುಮಕ್ಕಳ ಪಾಲಿಗೆ ಮನುಷ್ಯನಾಗಿ ಉಳಿಯುವುದಿಲ್ಲ. 2010ರ ಸರಸ್ವತಿ ಸಮ್ಮಾನ್ ಪಡೆದ ಈ ಕಾದಂಬರಿ ಮಕ್ಕಳಿಗಲ್ಲ, ಆದರೆ ಮಕ್ಕಳೊಡನೆ ಕೆಲಸ ಮಾಡುವ ಹಿರಿಯರು ಓದಬೇಕಾದದ್ದು. ಕೀರ್ತಿವಂತನಿಗೂ ಕೀರ್ತಿಯಿಲ್ಲದವಳಿಗೂ ನಡುವೆ ಪ್ರೀತಿ ಹುಟ್ಟಬಹುದು, ಆದರೆ ಇಬ್ಬರ ಬಲ ಒಂದೇ ಆಗಿರುವುದಿಲ್ಲ.

ಬಲದ ಈ ವ್ಯತ್ಯಾಸವನ್ನು ಎಷ್ಟೋ ಕಥೆಗಳು ಸಿಹಿ ಸವರಿ ಮುಚ್ಚುತ್ತವೆ. ಅವನು ಅವಳ ಫೋನ್ ಪರೀಕ್ಷಿಸುತ್ತಾನೆ, ಬೇರೆಯವರೊಡನೆ ಮಾತನಾಡಿದರೆ ಕೂಗಾಡುತ್ತಾನೆ, ಮತ್ತೆ ಅಳುತ್ತಾನೆ. ಇದೇ ನಿಜವಾದ ಪ್ರೀತಿ ಎಂದು ಕಥೆ ಹೇಳುತ್ತದೆ. 'ಆಫ್ಟರ್' ಮೇಲೆ ಬಂದ ಮುಖ್ಯ ಟೀಕೆಯೂ ಇದೇ. (ನಮ್ಮ ಸಿನಿಮಾಗಳ ನಾಯಕ ಒಲ್ಲೆನೆಂದವಳ ಬೆನ್ನು ಬಿದ್ದು ಹಾಡುವುದನ್ನು ಮೂರು ತಲೆಮಾರು ಚಪ್ಪಾಳೆ ತಟ್ಟಿ ನೋಡಿದೆ, ಆದ್ದರಿಂದ ಹೊರದೇಶವನ್ನೇ ದೂರುವಂತಿಲ್ಲ.) ನಾಯಕಿಗೆ ಹದಿನಾರು, ಗಾಯಕನಿಗೆ ಇಪ್ಪತ್ತೈದು ಎಂಬ ಕಥೆಗಳೂ ಇವೆ. ನಮ್ಮ ದೇಶದ 2012ರ ಪೋಕ್ಸೊ ಕಾಯ್ದೆಯಡಿ 18 ತುಂಬದವರ ಒಪ್ಪಿಗೆಗೆ ಬೆಲೆಯಿಲ್ಲ, ದೊಡ್ಡವನದೇ ಅಪರಾಧ. ಹೈಸ್ಕೂಲಿನ ಮಕ್ಕಳಿಗೆ ಇದನ್ನು ನೇರವಾಗಿ ತಿಳಿಸುವ ಸಂಕೋಚವನ್ನು ನಾವು ಬಿಡಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಕಥೆಯ ಹೊರಗಿದೆ. ತಾನೇ ಆ ಗಾಯಕ, ಅವನ ಮ್ಯಾನೇಜರ್, ಅಥವಾ ಅಭಿಮಾನಿ ಸಂಘದವನು ಎಂದು ಹೇಳಿಕೊಂಡು ಸಂದೇಶ ಕಳುಹಿಸುವ ವಂಚಕರು ಲೋಕದ ತುಂಬ ಇದ್ದಾರೆ. ಮೊದಲು ಹೊಗಳಿಕೆ, ಆಮೇಲೆ 'ಯಾರಿಗೂ ಹೇಳಬೇಡ' ಎಂಬ ಮಾತು, ಆಮೇಲೆ ಫೋಟೋ ಅಥವಾ ಹಣ. ಆರು ತಿಂಗಳು ಕಥೆಯಲ್ಲಿ ಇಂಥದೇ ಸಂದೇಶಕ್ಕಾಗಿ ಕಾದವಳಿಗೆ ಅದು ನಿಜವೆನಿಸುವುದು ಸಹಜ. ಗುಟ್ಟಾಗಿಡು ಎಂದವನು ಗಾಯಕನಲ್ಲ ಎಂಬ ಒಂದು ಗುರುತನ್ನಾದರೂ ಮಕ್ಕಳಿಗೆ ಕಲಿಸಿಡಬೇಕು. ಹಣ ಹೋದರೆ ಸೈಬರ್ ಸಹಾಯವಾಣಿ 1930, ಮಗು ತೊಂದರೆಯಲ್ಲಿದ್ದರೆ 1098. ಎರಡನ್ನೂ ಶಾಲೆಯ, ಹಾಸ್ಟೆಲಿನ, ಚರ್ಚಿನ ಸೂಚನಾ ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕಬಹುದು. ಖರ್ಚು ಒಂದು ಡ್ರಾಯಿಂಗ್ ಶೀಟ್.

ಫೋನ್ ಕಸಿದುಕೊಳ್ಳುವುದರಿಂದ ಪ್ರಯೋಜನ ಕಡಿಮೆ. ಕಥೆ ಗೆಳತಿಯ ಫೋನಿಗೆ ಹೋಗುತ್ತದೆ, ಮಗು ನಮ್ಮಿಂದ ಇನ್ನೊಂದಿಷ್ಟು ದೂರ ಹೋಗುತ್ತದೆ. ಅದರ ಬದಲು 'ಯಾವ ಕಥೆ ಓದುತ್ತಿದ್ದೀಯಮ್ಮ, ನನಗೂ ಹೇಳು' ಎಂದು ಕೇಳಿ ನೋಡಬಹುದು. ಯುವಜನರ ಸಭೆಯಲ್ಲಿ ಅಥವಾ ಧರ್ಮೋಪದೇಶ ತರಗತಿಯ ಕೊನೆಯ ಹತ್ತು ನಿಮಿಷದಲ್ಲಿ ಅದೇ ಕಥೆಯನ್ನು ಮುಂದುವರಿಸಲು ಹೇಳಬಹುದು: ಗಾಯಕ ಆರು ತಿಂಗಳು ಪ್ರವಾಸ ಹೋದ, ಮನೆಯಲ್ಲಿ ಅತ್ತೆಗೆ ಕಾಯಿಲೆ, ನಾಯಕಿಗೆ ಪಿಯುಸಿ ಪರೀಕ್ಷೆ, ಮುಂದೇನು? ಬರೆಯುವ ಕೈ ಇರುವ ಮಗು ಸಿಕ್ಕಿದರೆ ಅದರ ನಾಯಕಿಗೆ 'ವೈ/ಎನ್' ಬದಲು ಒಂದು ಹೆಸರು, ಒಂದು ಊರು, ಮಾಡಲೊಂದು ಕೆಲಸ ಕೊಡುವಂತೆ ಹೇಳಿ. ಬರೆದದ್ದನ್ನು ಧರ್ಮಕೇಂದ್ರದ ಪತ್ರಿಕೆಗೂ ಕಳುಹಿಸಬಹುದು, ಪ್ರೇಮಕಥೆಯೆಂದು ಸಂಪಾದಕರು ಹೆದರಬೇಕಾಗಿಲ್ಲ.