ಕ್ಷಣಜೀವಿ ಪರಮಾಣುಗಳನ್ನು ಹಿಡಿಯುವ ಬಗೆ

ಪರಮಾಣುವೆಂದೊಡನೆ ನಮಗೆ ಬಾಂಬು ನೆನಪಾಗುವುದು ಸಹಜ. ಆದರೆ ಅದೇ ಲೋಕದಲ್ಲಿ ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಅಳಿದುಹೋಗುವ ಜಾತಿಗಳೂ ಉಂಟು. ವಿಜ್ಞಾನಿಗಳು ಅವುಗಳನ್ನು ಹಿಡಿದು ಪರೀಕ್ಷಿಸುವ ಬಗೆ ಬಹು ಸ್ವಾರಸ್ಯವಾದುದು.

ವಿಕಿರಣಶೀಲ ವಸ್ತುವಿನ ಅರ್ಧ ಪಾಲು ಪರಮಾಣುಗಳು ಮಾರ್ಪಡಲು ಹಿಡಿಯುವ ಕಾಲಕ್ಕೆ ಅರ್ಧಾಯುಷ್ಯವೆಂದು ಹೆಸರು. ರೇಡಿಯಮ್ಮಿನ ಅರ್ಧಾಯುಷ್ಯ ಸುಮಾರು 1600 ವರ್ಷ. ಕ್ರಿಪ್ಟಾನ್-91ರದು ಸುಮಾರು 9 ಸೆಕೆಂಡು ಮಾತ್ರ. ಒಂದೂವರೆ ನಿಮಿಷ ಕಳೆದರೆ ಸಾವಿರದಲ್ಲಿ ಒಂದು ಪಾಲು ಉಳಿದೀತು. ಯುರೇನಿಯಂ ಪರಮಾಣು ಒಡೆದಾಗ ಇದು ಹುಟ್ಟುತ್ತದೆ. ಒಂಟಿಯಾಗಿ ಅಲ್ಲ, ನೂರಾರು ಬಗೆಯ ಚೂರುಗಳ ನಡುವೆ. ರಸಾಯನ ಕ್ರಮದಿಂದ ಸಾವಕಾಶವಾಗಿ ಬೇರ್ಪಡಿಸುತ್ತ ಕುಳಿತರೆ, ಕೆಲಸ ಮುಗಿಯುವುದರೊಳಗೆ ಪಾತ್ರೆಯಲ್ಲಿ ಆ ವಸ್ತುವೇ ಇರುವುದಿಲ್ಲ!

1951ರಲ್ಲಿ ಕೋಪನ್‌ಹೇಗನ್ನಿನ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಕೋಫೋಡ್-ಹ್ಯಾನ್ಸೆನ್ ಮತ್ತು ನೀಲ್ಸೆನ್ ಎಂಬಿಬ್ಬರು ಇದಕ್ಕೊಂದು ಉಪಾಯ ಹೂಡಿದರು. ಬಿಸ್ಕತ್ತಿನ ಹಿಟ್ಟನ್ನು ಉಬ್ಬಿಸುವ ಅಮೋನಿಯಂ ಕಾರ್ಬೊನೇಟ್ ಪುಡಿಯನ್ನು ಯುರೇನಿಯಂ ಆಕ್ಸೈಡಿನೊಡನೆ ಬೆರೆಸಿದರು. ಸೈಕ್ಲೋಟ್ರಾನ್ ಯಂತ್ರದ ನೆರವಿನಿಂದ ಪಡೆದ ನ್ಯೂಟ್ರಾನುಗಳು ಯುರೇನಿಯಮ್ಮನ್ನು ಒಡೆದವು. ಹಿಟ್ಟನ್ನು ಉಬ್ಬಿಸುವ ಅದೇ ಅನಿಲಗಳು ಪುಡಿಯಿಂದ ಹೊರಟು ಕ್ರಿಪ್ಟಾನನ್ನು ಕೊಳವೆಯ ಮೂಲಕ ಹೊತ್ತು ತಂದವು. ಕ್ರಿಪ್ಟಾನ್ ಬೇರೆ ವಸ್ತುಗಳೊಡನೆ ಸುಲಭವಾಗಿ ಕೂಡದ ಅನಿಲ. ಆದುದರಿಂದ ದಾರಿಯಲ್ಲಿ ಎಲ್ಲಿಯೂ ಅಂಟಿಕೊಳ್ಳದೆ ಮುಂದೆ ಸಾಗಿತು. ಉಳಿದ ಚೂರುಗಳು ಹೆಚ್ಚುಪಾಲು ಹಿಂದೆಯೇ ನಿಂತವು. ಸಾಗಿಸುವಾಗಲೇ ಅರ್ಧ ಬೇರ್ಪಡಿಸಿದಂತಾಯಿತು.

ಇನ್ನುಳಿದ ಕೆಲಸ ಅಯಸ್ಕಾಂತದ್ದು. ಕ್ರಿಪ್ಟಾನಿನಲ್ಲಿಯೂ 89, 90, 91 ಎಂದು ಬೇರೆಬೇರೆ ತೂಕದವು ಉಂಟು. ಕಣದಲ್ಲಿ ರಾಗಿ ತೂರುವುದನ್ನು ನಮ್ಮಲ್ಲಿ ಅನೇಕರು ಬಲ್ಲರು: ಗಟ್ಟಿಕಾಳು ಹತ್ತಿರ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಇಲ್ಲಿ ಗಾಳಿಯ ಬದಲು ಅಯಸ್ಕಾಂತ. ಪರಮಾಣುಗಳಿಗೆ ವಿದ್ಯುದಾವೇಶ ಕೊಟ್ಟು ಅದರ ನಡುವೆ ವೇಗವಾಗಿ ಓಡಿಸಿದರೆ ಹಗುರವಾದವು ಹೆಚ್ಚು ಬಾಗುತ್ತವೆ, ಭಾರವಾದವು ಕಡಮೆ. ತೂಕಕ್ಕೊಂದು ಜಾಗದಂತೆ ಬಂದು ಬೀಳುತ್ತವೆ.

ಇದೇ ದಾರಿಯಲ್ಲಿ ಮುಂದುವರಿದು, ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ 1967ರಲ್ಲಿ ಐಸೋಲ್ಡೆ ಎಂಬ ಪ್ರಯೋಗಶಾಲೆ ಕಾರ್ಯಾರಂಭ ಮಾಡಿತು. ಪ್ರೋಟಾನುಗಳು ಬಡಿಯುವ ವಸ್ತುವನ್ನೇ ಅಲ್ಲಿ ಚೆನ್ನಾಗಿ ಕಾಯಿಸಿ, ಹೊಸದಾಗಿ ಹುಟ್ಟಿದ ಪರಮಾಣುಗಳು ಬೇಗನೆ ಹೊರಬರುವಂತೆ ಮಾಡುತ್ತಾರೆ. ಈವರೆಗೆ 70ಕ್ಕೂ ಹೆಚ್ಚು ಧಾತುಗಳ ಪರಮಾಣುಗಳು ಹೀಗೆ ದೊರೆತಿವೆ.

ಇಷ್ಟೆಲ್ಲ ಶ್ರಮ ಏತಕ್ಕೆಂದು ಕಲಾವಿಭಾಗದ ಮಿತ್ರರು ಕೇಳಬಹುದು. ಚಿನ್ನದಂತಹ ಭಾರವಾದ ಧಾತುಗಳು ನಕ್ಷತ್ರಲೋಕದ ಮಹಾಘಟನೆಗಳಲ್ಲಿ ರೂಪುಗೊಳ್ಳುವಾಗ ಇಂತಹ ಕ್ಷಣಜೀವಿಗಳ ಹಂತವನ್ನು ದಾಟಿಯೇ ಬರುತ್ತವೆ. ಇತಿಹಾಸ ಓದುವ ನನಗೆ ಇದೂ ಇತಿಹಾಸವೆಂದೇ ತೋರುತ್ತದೆ. ನಮ್ಮ ತಾಯಂದಿರ ಮೂಗುತಿಯ ಚಿನ್ನ ಎಲ್ಲಿಂದ ಬಂತೆಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಈ ಕ್ಷಣಜೀವಿಗಳೇ ಹೇಳಬೇಕು.